ಅಂಗೈ ಕೆಳಗಿನ ಸಾಲುಗಳು

ಫೆಬ್ರವರಿ 2

ನನ್ನ ವಟವಟನಿಗೆ,

ಸುಖವಾಗಿ ಬಂದು ಸೇರಿದೆವು. ಬಸ್ಸಿನಲ್ಲಿ ನಿನ್ನ ಭಾವನಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು. "ಕಾಣದೇ ಇರೋನಿಗೆ ಕಿಟಕಿ ಯಾಕೆ, ನೀನೇ ಕೂತ್ಕೋ" ಅಂದರು. ಆಮೇಲೆ ಅವರೇ ಕೂತು ದಾರಿಯುದ್ದಕ್ಕೂ ಗಾಳಿಗೆ ಮುಖ ಕೊಟ್ಟುಕೊಂಡು ಬಂದರು. ಮನೆ ಬಾಗಿಲು ತೆರೆದವರೇ ಕೈಕಾಲು ಕೂಡ ತೊಳೆಯದೆ ರಿಪೇರಿಗೆ ಬಂದ ಗಡಿಯಾರಗಳಿಗೆಲ್ಲ ಕೀಲಿ ಕೊಡಲು ನಿಂತರು. ಕಣ್ಣು ಮಂಜಾದ ಮೇಲೂ ಅವರ ಬೆರಳುಗಳು ಚುರುಕಾಗಿಯೇ ಇವೆ. ಗೋಡೆ ಗಡಿಯಾರಗಳನ್ನು ಮುಟ್ಟಿ ಮುಟ್ಟಿಯೇ ಬಿಚ್ಚುತ್ತಾರೆ, ಜೋಡಿಸುತ್ತಾರೆ. ಕೈಗಡಿಯಾರ ಮಾತ್ರ ಈಗ ತೆಗೆದುಕೊಳ್ಳುವುದಿಲ್ಲ.

ಕಣ್ಣಾಸ್ಪತ್ರೆಯವರು ಹೇಳಿದ್ದನ್ನು ನಿನಗೆ ಅಂಗಡಿಯಲ್ಲಿ ಪೂರ್ತಿ ಹೇಳಲಾಗಲಿಲ್ಲ, ನಿನ್ನ ಗಿರಾಕಿಗಳು ಕಾಯುತ್ತಿದ್ದರು. ಇವರ ಹೆಸರು ಪಟ್ಟಿಗೆ ಸೇರಿದೆ. ತೀರಿಹೋದವರ ಮನೆಯವರು ಕಣ್ಣು ಕೊಟ್ಟಾಗ ಸರದಿಯ ಪ್ರಕಾರ ಫೋನ್ ಮಾಡುತ್ತಾರಂತೆ. ಅವತ್ತೇ ಹೊರಡಬೇಕು. ಫೋನ್ ಸಿಗದಿದ್ದರೆ ಮುಂದಿನ ಹೆಸರಿಗೆ ಹೋಗುತ್ತದೆ. ಅವರೂ ಕಾಯುತ್ತಿರುವವರೇ ತಾನೆ, ತಪ್ಪು ಅನ್ನಲಾಗುವುದಿಲ್ಲ.

ಅದಕ್ಕೇ ಮನೆಯಲ್ಲಿ ಒಂದು ಕಾನೂನು ಮಾಡಿದ್ದೇನೆ. ನಮ್ಮ ಫೋನಿಗೆ ಆಸ್ಪತ್ರೆಯವರ ಹೊರತು ಬೇರೆ ಯಾರೂ ಮಾಡಕೂಡದು, ನೀನು ಕೂಡ. ನೀನು ಗಂಟೆಗಟ್ಟಲೆ ಹರಟುತ್ತಿರುವಾಗಲೇ ಅವರು ಮಾಡಿದರೆ ಏನು ಗತಿ? ಏನಿದ್ದರೂ ಹೀಗೆ ಕಾಗದ ಬರೆ. ಫೋನ್ ಮಾರುವವನಿಗೆ ಅವನ ಅಕ್ಕನೇ ಅಂಚೆ ಚೀಟಿ ಅಂಟಿಸುತ್ತಾಳೆ ಎಂದು ನಗಬೇಡ. ಬಂದ ಕಾಗದವನ್ನು ಸಂಜೆ ಹೊತ್ತು ಇವರಿಗೆ ಓದಿ ಹೇಳುತ್ತೇನೆ, ಅವರಿಗೂ ಹೊತ್ತು ಹೋಗುತ್ತದೆ.

ನೀನು ಕೊಟ್ಟ ಆ ಪವರ್ ಬ್ಯಾಂಕ್ ಡಬ್ಬಿ ದೇವರು ಕೊಟ್ಟ ಹಾಗೆ ಬಂತು. ಇಲ್ಲಿ ರಸ್ತೆ ಅಗೆದು ಹೊಸ ತಂತಿ ಹಾಕುತ್ತಿದ್ದಾರೆ, ಕರೆಂಟು ಹೋದರೆ ಬರುವ ಮಾತೇ ಇಲ್ಲ. ನಮ್ಮ ಫೋನಿನ ಬ್ಯಾಟರಿಗೂ ವಯಸ್ಸಾಯಿತು. ಈಗ ನಿಶ್ಚಿಂತೆ. ಅದೂ ಪುಕ್ಕಟೆ! ನಿನ್ನ ಕಂಪನಿಯವರು ಒಳ್ಳೆಯವರಪ್ಪ.

ಅವತ್ತು ಕೌಂಟರಿನ ಹಿಂದೆ ನಿನ್ನನ್ನು ನೋಡಿ ನನಗೆ ಎಷ್ಟು ಹೆಮ್ಮೆಯಾಯಿತು ಗೊತ್ತಾ? ಅರಳು ಹುರಿದ ಹಾಗೆ ಮಾತು, ಇಸ್ತ್ರಿ ಮಾಡಿದ ಅಂಗಿ. ಕಾಗದ ಗಾಳಿಗೆ ಹಾರಬಾರದೆಂದು ಎಡ ಅಂಗೈಯನ್ನು ಅದರ ಮೇಲೆ ಇಟ್ಟುಕೊಂಡೇ ಸಹಿ ಮಾಡುವ ಜಾಗ ತೋರಿಸಿದೆ. ಚಿಕ್ಕಂದಿನಲ್ಲಿ ನಿನಗೆ ಅಕ್ಷರ ತಿದ್ದಿಸುವಾಗ ನಾನೂ ಹಾಗೇ ಸ್ಲೇಟು ಅಲುಗಾಡದಂತೆ ಹಿಡಿದುಕೊಳ್ಳುತ್ತಿದ್ದೆ. ನಿನಗೆ ನೆನಪಿದೆಯೋ ಇಲ್ಲವೋ.

ಪರದೆ ಹೊಲಿಯುವುದು ರಾಶಿ ಬಿದ್ದಿದೆ. ನಿಲ್ಲಿಸುತ್ತೇನೆ.

ನಿನ್ನ ಅಕ್ಕ


ಫೆಬ್ರವರಿ 9

ಅಕ್ಕಾ,

ನಿನ್ನ ಕಾಗದವನ್ನು ಅಂಗಡಿಯ ವಿಳಾಸಕ್ಕೆ ಹಾಕಿದ್ದಕ್ಕೆ ನನ್ನ ಮರ್ಯಾದೆ ಮೂರು ಕಾಸಿಗೆ ಹೋಯಿತು. ಪಕ್ಕದ ಕೌಂಟರಿನ ಹುಡುಗಿ ಲಕೋಟೆಯನ್ನು ಬೆಳಕಿಗೆ ಹಿಡಿದು, "ಇದನ್ನ ಯಾವ ಕಡೆಯಿಂದ ಚಾರ್ಜ್ ಮಾಡ್ಬೇಕು ಸಾರ್?" ಎಂದು ಕೇಳಿದಳು. ಇನ್ನು ಮೇಲೆ ರೂಮಿನ ವಿಳಾಸಕ್ಕೆ ಬರೆ.

ಒಂದು ಸುದ್ದಿ ಇದೆ. ಕೂತಿದ್ದೀಯ ತಾನೆ? ಹೋದ ತಿಂಗಳ ಅತ್ಯುತ್ತಮ ಕೌಂಟರ್ ನಿನ್ನ ತಮ್ಮ! ಬಾಗಿಲು ತೆಗೆದು ಒಳಗೆ ಬಂದರೆ ಎದುರು ಗೋಡೆಯ ಮೇಲೆಯೇ ನನ್ನ ಫೋಟೋ ಹಾಕಿದ್ದಾರೆ. ಪವರ್ ಬ್ಯಾಂಕ್ ಯೋಜನೆಗೆ ಎಲ್ಲರಿಗಿಂತ ಹೆಚ್ಚು ಜನರನ್ನು ಸೇರಿಸಿದವನು ನಾನು. ಆ ಕೌಂಟರಿನವಳಿಗೂ ನನಗೂ ಕೊನೆಯ ದಿನದವರೆಗೆ ಸಮಸಮ ಇತ್ತು. ನಿನ್ನ ಸಹಿಯಿಂದ ನಾನು ಒಂದು ಮುಂದೆ ಹೋದೆ. ಅಂದರೆ ಆ ಫೋಟೋದಲ್ಲಿ ನಿನ್ನ ಪಾಲೂ ಇದೆ.

ಭಾವನಿಗೆ ಹೇಳು, ಕಣ್ಣು ಬಂದ ಮೇಲೆ ಮೊದಲು ನೋಡಬೇಕಾದ್ದು ಹೆಂಡತಿಯ ಮುಖ ಅಲ್ಲ, ಗೋಡೆಯ ಮೇಲಿನ ಭಾವಮೈದುನನ ಮುಖ.

ಡಬ್ಬಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ. ತಿಂಗಳ ಕೊನೆಗೆ ನಾನೇ ಬರುತ್ತೇನೆ. ಅದನ್ನು ಒಂದು ಸಲ ಇಲ್ಲಿಗೆ ತಂದು ನೋಡಿಸಬೇಕು. ದೊಡ್ಡ ವಿಷಯವೇನಲ್ಲ, ಬಂದಾಗ ಹೇಳುತ್ತೇನೆ.

ನಿನ್ನ ವಟವಟ


ಫೆಬ್ರವರಿ 19

ವಟವಟಾ,

ನಿನ್ನ ಫೋಟೋದ ಸುದ್ದಿ ಓದಿ ಹೇಳಿದಾಗ ನಿನ್ನ ಭಾವ ಕೈಯಲ್ಲಿದ್ದ ಗಡಿಯಾರ ಕೆಳಗಿಟ್ಟು ನಕ್ಕರು. "ಅವನ ಮುಖ ನೋಡೋಕೆ ಇನ್ನೊಬ್ಬರ ಕಣ್ಣು ಬೇರೆ ಖರ್ಚು ಮಾಡ್ಬೇಕಾ?" ಅಂದರು. ಬಾಯಿಗೆ ಹಾಗೆ ಬಂದರೂ ಆ ಸಾಲನ್ನು ಎರಡು ಸಲ ಓದಿಸಿದರು. ಆ ಫೋಟೋದ ಒಂದು ಪ್ರತಿ ಕಳಿಸು. ಹೊಲಿಗೆ ಮಷೀನಿನ ಮೇಲ್ಗಡೆ ಒಂದು ಖಾಲಿ ಚೌಕಟ್ಟು ನೇತಾಡುತ್ತಿದೆ, ಅದಕ್ಕೆ ಹಾಕುತ್ತೇನೆ.

ಡಬ್ಬಿಯ ಯೋಗಕ್ಷೇಮ ನಿನ್ನ ಭಾವನದು. ಗಡಿಯಾರ ಒರೆಸುವ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಇಡುತ್ತಾರೆ. ಕರೆಂಟು ಇದ್ದಾಗ ಅದರ ಹೊಟ್ಟೆ ತುಂಬಿಸುತ್ತಾರೆ, ಹೋದಾಗ ಫೋನಿಗೆ ಸಿಕ್ಕಿಸುತ್ತಾರೆ. ನನ್ನನ್ನು ಹತ್ತಿರ ಬಿಡುವುದಿಲ್ಲ. ಮನೆಯಲ್ಲಿ ತಮಗೂ ಒಂದು ಜವಾಬ್ದಾರಿ ಇದೆ ಎಂಬ ಖುಷಿ. ಹೋದ ವಾರ ಒಮ್ಮೆ ಕೈ ಜಾರಿ ಮೇಜಿನಿಂದ ನೆಲಕ್ಕೆ ಬಿತ್ತು. ಪಾಪ, ಅವರ ಮುಖ ಇಷ್ಟಾಯಿತು. ಏನೂ ಆಗಿರಲಿಲ್ಲ, ದೀಪ ಉರಿಯುತ್ತಿತ್ತು.

ಇನ್ನೊಂದು ವಿಷಯ. ಇತ್ತೀಚೆಗೆ ನಿನ್ನ ಕಂಪನಿಯವರೇ ದಿನಾ ಫೋನ್ ಮಾಡುತ್ತಿದ್ದಾರೆ. ಒಬ್ಬಳು ಹೆಂಗಸಿನ ದನಿ, ಬಹಳ ಸಂತೋಷದಲ್ಲಿರುತ್ತಾಳೆ. ಅಭಿನಂದನೆಗಳು ಅನ್ನುತ್ತಾಳೆ, ಹೊಸ ಯೋಜನೆ ಅನ್ನುತ್ತಾಳೆ. ನಾನು ಮೊದಲನೆಯ ದಿನ, "ನಮ್ಮ ತಮ್ಮ ಅಲ್ಲೇ ಕೆಲಸ ಮಾಡೋದಮ್ಮ" ಎಂದು ಪರಿಚಯ ಹೇಳಿಕೊಂಡೆ. ಅವಳು ಕೇಳಿಸಿಕೊಳ್ಳದೆ ತನ್ನ ಪಾಡಿಗೆ ಮುಂದುವರಿಸಿದಳು. ಆಮೇಲೆ ತಿಳಿಯಿತು, ಅದು ಯಂತ್ರದ ದನಿ ಎಂದು. ನಗುವ ವಿಷಯವೇ, ಆದರೆ ನನಗೆ ನಗು ಬರುತ್ತಿಲ್ಲ. ಪ್ರತಿ ಸಲ ಗಂಟೆ ಆದಾಗಲೂ ಆಸ್ಪತ್ರೆಯವರೇ ಇರಬೇಕು ಅನ್ನಿಸುತ್ತದೆ. ಸೋಪಿನ ಕೈಯಲ್ಲೇ ಓಡುತ್ತೇನೆ. ಹೊಲಿಯುವ ಬಟ್ಟೆ ಮಷೀನಿನಲ್ಲೇ ಬಿಟ್ಟು ಓಡುತ್ತೇನೆ. ನಿನ್ನ ಭಾವ ಎದ್ದು ನಿಂತಿರುತ್ತಾರೆ. ನಾನು "ಅವರಲ್ಲ" ಅನ್ನುವವರೆಗೂ ಕೂರುವುದಿಲ್ಲ. ಅದನ್ನು ನೋಡಲಾಗುವುದಿಲ್ಲ ಕಣೋ. ನೀನು ಅಲ್ಲಿ ಒಂದು ಮಾತು ಹೇಳಿ ಈ ಕರೆಗಳನ್ನು ನಿಲ್ಲಿಸು.

ತಿಂಗಳ ಕೊನೆಗೆ ಬರುತ್ತೀಯಲ್ಲ, ಕಾಯುತ್ತಿರುತ್ತೇವೆ.

ನಿನ್ನ ಅಕ್ಕ


ಫೆಬ್ರವರಿ 27

ಅಕ್ಕಾ,

ಫೋಟೋ ಇದರ ಜೊತೆ ಇಟ್ಟಿದ್ದೇನೆ. ಹಲ್ಲು ಸ್ವಲ್ಪ ಹೆಚ್ಚಾಗಿಯೇ ಕಾಣುತ್ತಿದೆ, ಚೌಕಟ್ಟು ದೊಡ್ಡದಿರಲಿ.

ಆ ಕರೆಗಳ ಬಗ್ಗೆ ಮೇಲಿನವರ ಹತ್ತಿರ ಮಾತಾಡುತ್ತೇನೆ. ಅದು ಕಂಪ್ಯೂಟರಿನಿಂದ ತಾನಾಗಿ ಹೋಗುವಂಥದ್ದು, ಸ್ವಲ್ಪ ಸಮಯ ಹಿಡಿಯುತ್ತದೆ. ಅಲ್ಲಿಯವರೆಗೆ ಆ ನಂಬರ್ ಬಂದರೆ ಎತ್ತಬೇಡ.

ಈ ತಿಂಗಳ ಕೊನೆಗೆ ಬರುವುದು ಆಗುವುದಿಲ್ಲ ಅನ್ನಿಸುತ್ತಿದೆ. ಅಂಗಡಿಯ ಸಾಮಾನು ಲೆಕ್ಕ ಹಾಕುವ ಕೆಲಸ ಶುರುವಾಗಿದೆ, ಮ್ಯಾನೇಜರ್ ರಜೆ ಎಂದರೆ ಮುಖ ಗಂಟಿಕ್ಕುತ್ತಾರೆ. ಫೋಟೋ ಹಾಕಿಸಿಕೊಂಡವನೇ ರಜೆ ಕೇಳಿದರೆ ಚೆನ್ನಾಗಿರುವುದಿಲ್ಲ ಬೇರೆ. ಮುಂದಿನ ತಿಂಗಳ ಮೊದಲ ಭಾನುವಾರ ಖಂಡಿತ.

ಡಬ್ಬಿ ಕೆಲಸ ಮಾಡುತ್ತಿದೆ ತಾನೆ? ಸುಮ್ಮನೆ ಕೇಳಿದೆ.

ನಿನ್ನ ವಟವಟ


ಮಾರ್ಚ್ 6

ತಮ್ಮನಿಗೆ,

ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ, ಆದದ್ದನ್ನು ಆದ ಹಾಗೇ ಬರೆಯುತ್ತೇನೆ. ಮಂಗಳವಾರ ಬೆಳಿಗ್ಗೆ ಕರೆಂಟು ಹೋಯಿತು. ಫೋನಿನಲ್ಲಿ ಚಾರ್ಜು ಸ್ವಲ್ಪವೇ ಇತ್ತು. ನಿನ್ನ ಭಾವ ಡಬ್ಬಿಗೆ ಸಿಕ್ಕಿಸಿದರು. ಅದರಲ್ಲಿ ಒಂದು ಕೆಂಪು ದೀಪ ಮಿನುಗಿ ಆರಿಹೋಯಿತು. ಎಷ್ಟು ಒತ್ತಿದರೂ ಇಲ್ಲ. ಹಿಂದಿನ ದಿನವಷ್ಟೇ ಹೊಟ್ಟೆ ತುಂಬ ಚಾರ್ಜು ಮಾಡಿ ಇಟ್ಟಿದ್ದರು. ಮಧ್ಯಾಹ್ನದ ಹೊತ್ತಿಗೆ ಫೋನೂ ಸತ್ತಿತು. ಕರೆಂಟು ಬಂದದ್ದು ಮರುದಿನ.

ಫೋನ್ ಹಚ್ಚಿದಾಗ ಆಸ್ಪತ್ರೆಯ ನಂಬರಿನಿಂದ ಮೂರು ಕರೆ ಬಂದಿತ್ತೆಂದು ಸಂದೇಶ ಇತ್ತು. ನಾನು ಮಾಡಿ ಕೇಳಿದೆ. ಆ ಕಡೆಯವರು ಒಳ್ಳೆಯ ಮಾತಿನಲ್ಲೇ ಹೇಳಿದರು. "ನಿಮ್ಮ ಸರದಿ ಬಂದಿತ್ತಮ್ಮ. ನೀವು ಸಿಗಲಿಲ್ಲ, ಮುಂದಿನವರಿಗೆ ಹೋಯ್ತು. ಪಟ್ಟಿಯಲ್ಲಿ ಇರ್ತೀರಿ, ಆದ್ರೆ ಮತ್ತೆ ಯಾವಾಗ ಅಂತ ಹೇಳೋಕಾಗಲ್ಲ." ನಾನು ಥ್ಯಾಂಕ್ಸ್ ಹೇಳಿ ಇಟ್ಟೆ. ಯಾಕೆ ಥ್ಯಾಂಕ್ಸ್ ಹೇಳಿದೆನೋ.

ನಿನ್ನ ಭಾವ ಅವತ್ತು ಡಬ್ಬಿ ಬಿದ್ದದ್ದನ್ನು ನೆನೆದು ನೆನೆದು ಕೊರಗುತ್ತಿದ್ದಾರೆ. ಬಿದ್ದಾಗ ಒಳಗೆ ಏನೋ ಸಡಿಲವಾಗಿರಬೇಕು, ಆಮೇಲೆ ಕೈಕೊಟ್ಟಿದೆ, ತಮ್ಮಿಂದಲೇ ಆಯಿತು ಅನ್ನುತ್ತಾರೆ. ಬಿಚ್ಚಿ ನೋಡೋಣವೆಂದರೆ ಸ್ಕ್ರೂ ಕೂಡ ಇಲ್ಲ ಅದಕ್ಕೆ. ಪುಕ್ಕಟೆ ಕೊಟ್ಟ ವಸ್ತುವನ್ನೂ ಕಾಪಾಡಿಕೊಳ್ಳಲಾಗಲಿಲ್ಲ ನಮ್ಮ ಕೈಯಲ್ಲಿ. ನಿನ್ನ ಕಂಪನಿಯವರು ನಿನಗೆ ಏನಾದರೂ ಅನ್ನುತ್ತಾರಾ? ನಮ್ಮಿಂದ ನಿನ್ನ ಹೆಸರು ಕೆಡಬಾರದು.

ಅಕ್ಕ


ಮಾರ್ಚ್ 12

ಅಕ್ಕನಿಗೆ,

ನಿನ್ನ ಪತ್ರ ತಲುಪಿತು. ಓದಿ ಬಹಳ ಬೇಸರವಾಯಿತು. ಆದದ್ದು ಆಗಿಹೋಯಿತು, ಭಾವನಿಗೆ ಧೈರ್ಯ ಹೇಳು. ಇಂಥ ವಸ್ತುಗಳು ಒಮ್ಮೆ ಬಿದ್ದರೆ ಹೀಗೆ ಆಗುವುದುಂಟು. ಯಾರ ತಪ್ಪೂ ಅಲ್ಲ. ಕಂಪನಿಯವರು ಏನೂ ಅನ್ನುವುದಿಲ್ಲ, ಆ ಚಿಂತೆ ಬಿಡಿ.

ಬೇರೆ ಒಂದು ಪವರ್ ಬ್ಯಾಂಕ್ ಪಾರ್ಸೆಲಿನಲ್ಲಿ ಕಳಿಸಿದ್ದೇನೆ. ಇದು ಕಂಪನಿಯದಲ್ಲ, ಹೊರಗಿನ ಅಂಗಡಿಯಿಂದ ನಾನೇ ತಂದದ್ದು. ಹಳೆಯದನ್ನು ಎಲ್ಲಾದರೂ ಎತ್ತಿಟ್ಟುಬಿಡಿ, ರಿಪೇರಿಗೆ ಯಾರಿಗೂ ತೋರಿಸಬೇಡಿ.

ಆರೋಗ್ಯ ನೋಡಿಕೊಳ್ಳಿ.

ನಿನ್ನ ತಮ್ಮ


ಏಪ್ರಿಲ್ 20

ತಮ್ಮನಿಗೆ,

ತಿಂಗಳಾಯಿತು ನಿನ್ನ ಕಾಗದ ಬಂದು. ಹೋದ ಸಲದ್ದನ್ನೂ ಕಾಗದ ಅನ್ನಲಾರೆ, ಆಫೀಸಿನಿಂದ ಬಂದ ಹಾಗಿತ್ತು. ನಿನ್ನ ಭಾವ ಕೇಳಿ, "ಇಷ್ಟೇನಾ? ವಟವಟನಿಗೆ ಹುಷಾರಿಲ್ವಾ?" ಎಂದರು. ಕೆಲಸ ಜಾಸ್ತಿ ಇರಬೇಕು ಎಂದೆ.

ನೀನು ಕಳಿಸಿದ್ದು ಚೆನ್ನಾಗಿ ನಡೆಯುತ್ತಿದೆ. ಆದರೆ ನಿನ್ನ ಭಾವ ಅದನ್ನು ಮುಟ್ಟುವುದಿಲ್ಲ. ಅದೊಂದೇ ಅಲ್ಲ, ಏನನ್ನೂ ಮುಟ್ಟುವುದಿಲ್ಲ. ಗಡಿಯಾರಗಳನ್ನೆಲ್ಲ ಅವರವರ ಮನೆಗೆ ವಾಪಸು ಕೊಡಿಸಿಬಿಟ್ಟರು. ನಾನೇ ಒಂದೊಂದಾಗಿ ಚೀಲದಲ್ಲಿಟ್ಟುಕೊಂಡು ಮನೆಮನೆಗೆ ಹೋಗಿ ಕೊಟ್ಟು ಬಂದೆ. ಕೆಲವು ಇನ್ನೂ ಬಿಚ್ಚಿದ ಹಾಗೇ ಇದ್ದವು. ಚಿಮಟ, ಭೂತಗನ್ನಡಿ, ಸಣ್ಣ ಸುತ್ತಿಗೆ ಎಲ್ಲವನ್ನೂ ಒಂದು ಡಬ್ಬದಲ್ಲಿ ಹಾಕಿ ಮಂಚದ ಕೆಳಗೆ ತಳ್ಳಿದ್ದಾರೆ. ಚಹಾದ ಲೋಟ ಕೂಡ ನಾನೇ ಕೈಗೆ ಕೊಟ್ಟು, ಬೆರಳು ಮಡಿಸಿ ಹಿಡಿಸಬೇಕು. ಅವರಿಗೆ ಬರುವುದಿಲ್ಲವೆಂದಲ್ಲ, ಧೈರ್ಯ ಇಲ್ಲ. "ಕಣ್ಣು ಹೋದಾಗ ಕೈ ಇದೆ ಅಂದ್ಕೊಂಡಿದ್ದೆ. ಕೈಯೇ ಮೊದಲು ಹೋಗಿತ್ತು, ನನಗೇ ಗೊತ್ತಾಗ್ಲಿಲ್ಲ" ಅನ್ನುತ್ತಾರೆ.

ಮನೆಯಲ್ಲಿ ಒಂದು ಗಡಿಯಾರದ ಸದ್ದೂ ಇಲ್ಲ ಈಗ. ಮೊದಲು ಆ ಟಿಕ್ ಟಿಕ್‌ಗೆ ತಲೆ ಚಿಟ್ಟುಹಿಡಿಯುತ್ತದೆ ಎಂದು ಬೈಯುತ್ತಿದ್ದವಳು ನಾನು.

ನೀನಾದರೂ ಬಂದು ಎರಡು ದಿನ ಇದ್ದು ಹೋಗು. ನಿನ್ನ ಮಾತು ಅವರಿಗೆ ಮದ್ದಿನ ಹಾಗೆ.

ಅಕ್ಕ


ಏಪ್ರಿಲ್ 27

ಅಕ್ಕಾ,

ಈ ಕಾಗದವನ್ನು ಭಾವನಿಗೆ ಓದಬೇಡ. ನೀನೊಬ್ಬಳೇ ಇರುವಾಗ ಓದು.

ಡಬ್ಬಿ ಕೆಟ್ಟದ್ದು ಬಿದ್ದದ್ದರಿಂದ ಅಲ್ಲ. ಅದು ಕೆಟ್ಟೇ ಇರಲಿಲ್ಲ. ಅದು ತಾನಾಗಿ ಬೀಗ ಹಾಕಿಕೊಂಡಿತು. ತಿಂಗಳಿಗೊಮ್ಮೆ ಅದನ್ನು ಕಂಪನಿಯ ಅಂಗಡಿಗೆ ತಂದು ತೋರಿಸಬೇಕು, ಇಲ್ಲದಿದ್ದರೆ ಅದರೊಳಗಿನ ಯಂತ್ರ ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. ಗಿರಾಕಿ ಪದೇ ಪದೇ ಅಂಗಡಿಗೆ ಬರಲಿ, ಬಂದಾಗ ಇನ್ನೇನಾದರೂ ಕೊಳ್ಳಲಿ ಎಂದು ಮಾಡಿದ ಉಪಾಯ. ನಿಮ್ಮ ಊರಿಗೆ ಹತ್ತಿರದ ಅಂಗಡಿ ಎಂದರೆ ಬಸ್ಸಿನಲ್ಲಿ ಅರ್ಧ ದಿನ. ಡಬ್ಬಿ ತೆಗೆದುಕೊಂಡವರು ಜಾಹೀರಾತಿನ ಕರೆಗಳಿಗೆ ಒಪ್ಪಿದ ಹಾಗೆ, ಎರಡು ವರ್ಷ ಬೇರೆ ಕಂಪನಿಗೆ ಹೋಗುವುದಿಲ್ಲವೆಂದು ಒಪ್ಪಿದ ಹಾಗೆ. ಇದೆಲ್ಲ ನೀನು ಸಹಿ ಮಾಡಿದ ಹಾಳೆಯಲ್ಲೇ ಇತ್ತು, ಇರುವೆ ಸಾಲಿನಂಥ ಅಕ್ಷರದಲ್ಲಿ. ನನ್ನ ಅಂಗೈ ಕೆಳಗೆ.

ಕಾಗದ ಗಾಳಿಗೆ ಹಾರಬಾರದೆಂದು ಕೈ ಇಟ್ಟುಕೊಂಡಿದ್ದೆ ಎಂದು ನೀನು ಬರೆದಿದ್ದೆ. ಆ ಅಂಗಡಿಯಲ್ಲಿ ಗಾಳಿ ಎಲ್ಲಿದೆ ಅಕ್ಕಾ? ಗಾಜಿನ ಬಾಗಿಲು ಮುಚ್ಚಿಯೇ ಇರುತ್ತದೆ, ಫ್ಯಾನ್ ಇಲ್ಲವೇ ಇಲ್ಲ. ಅದು ನಮಗೆ ಕಲಿಸಿದ ವಿದ್ಯೆ. ಎಡ ಅಂಗೈ ಆ ಸಾಲುಗಳ ಮೇಲೆ, ಬಲಗೈ ಬೆರಳು ಸಹಿಯ ಜಾಗದಲ್ಲಿ, ಬಾಯಿಯಲ್ಲಿ ಮನೆಮಂದಿಯ ಯೋಗಕ್ಷೇಮ. ಇದನ್ನು ದಿನಕ್ಕೆ ಅದೆಷ್ಟೋ ಸಲ ಮಾಡಿ ಮಾಡಿ ಅಭ್ಯಾಸವಾಗಿತ್ತು, ನಿನ್ನನ್ನು ಕಂಡಾಗಲೂ ಕೈ ತಾನಾಗಿ ಹೋಯಿತು.

ತಾನಾಗಿ ಹೋಯಿತು ಎಂದು ಬರೆದೆ. ಅದೂ ಸುಳ್ಳು. ಭೂತಗನ್ನಡಿ ಬೇಕು ಅನ್ನುವವಳ ಹಾಗೆ ನೀನು ಹಾಳೆಯ ಮೇಲೆ ಬಗ್ಗಿ ನೋಡಿದೆಯಲ್ಲ, ಆಗ ಒಂದು ಕ್ಷಣ ಕೈ ತೆಗೆಯೋಣ ಅನ್ನಿಸಿತ್ತು. ಪಕ್ಕದ ಕೌಂಟರಿನವಳು ನನಗೆ ಸಮ ನಿಂತಿದ್ದಳು, ಅವತ್ತೇ ಕೊನೆಯ ದಿನ. ತಿಂಗಳ ಕೊನೆಗೆ ಹೇಗೂ ನಾನೇ ಹೋಗಿ ಡಬ್ಬಿ ತಂದು ತೋರಿಸುತ್ತೇನೆ, ಅಕ್ಕನಿಗೆ ಯಾಕೆ ತಲೆಬಿಸಿ ಎಂದುಕೊಂಡೆ. ಆಮೇಲೆ ಬರಲಾಗಲಿಲ್ಲ. ಬರಲಾಗದಿದ್ದರೆ ಒಂದು ಸಾಲು ಬರೆದಿದ್ದರೂ ಸಾಕಿತ್ತು, ಡಬ್ಬಿಯನ್ನು ನಂಬಬೇಡ ಎಂದು. ಬರೆದರೆ ಮೊದಲೇ ಯಾಕೆ ಹೇಳಲಿಲ್ಲ ಎಂದು ನೀನು ಕೇಳುತ್ತಿದ್ದೆ. ಆ ಒಂದು ಪ್ರಶ್ನೆಗೆ ಹೆದರಿ ಬಾಯಿ ಮುಚ್ಚಿಕೊಂಡೆ. ಕರೆಗಳನ್ನು ನಿಲ್ಲಿಸಲೂ ನನ್ನಿಂದ ಆಗುತ್ತಿತ್ತು. ನಿಲ್ಲಿಸಿದರೆ ನಿನ್ನ ಹಾಳೆ ರದ್ದಾಗುತ್ತಿತ್ತು, ಗೋಡೆಯಿಂದ ಫೋಟೋ ಇಳಿಯುತ್ತಿತ್ತು. ಅಷ್ಟಕ್ಕೆ ನಿನ್ನನ್ನು ಸೋಪಿನ ಕೈಯಲ್ಲಿ ಓಡಾಡಿಸಿದೆ. ಎಲ್ಲಕ್ಕಿಂತ ಹೆಚ್ಚಾಗಿ, ಬಿದ್ದರೆ ಹೀಗಾಗುವುದುಂಟು ಎಂದು ಬರೆದೆನಲ್ಲ, ಆ ಸಾಲು ನನ್ನನ್ನು ತಿನ್ನುತ್ತಿದೆ. ಭಾವ ಹೇಗೂ ಹಾಗೆಂದು ನಂಬಿದ್ದಾರೆ, ನನಗೆ ಅನುಕೂಲವೇ ಆಯಿತು ಎಂದುಕೊಂಡು ಬರೆದ ಸಾಲು ಅದು.

ಅವರು ಚಿಮಟ ಎತ್ತಿಟ್ಟರು ಎಂದು ಓದಿದ ಮೇಲೆ ನನಗೆ ಅನ್ನ ಸೇರುತ್ತಿಲ್ಲ. ಈಗ ಕೌಂಟರಿನಲ್ಲಿ ಎಡಗೈಯನ್ನು ಜೇಬಿನೊಳಗೆ ಇಟ್ಟುಕೊಂಡು ಎಲ್ಲ ಸಾಲುಗಳನ್ನೂ ಓದಿ ಹೇಳುತ್ತಿದ್ದೇನೆ. ಜನ, "ಬೇಗ ಮುಗಿಸಪ್ಪ, ಎಲ್ಲಿ ಸಹಿ ಹಾಕ್ಬೇಕು ಹೇಳು" ಎನ್ನುತ್ತಾರೆ. ಮ್ಯಾನೇಜರ್ ನನ್ನನ್ನು ಗೋದಾಮಿಗೆ ಹಾಕುವ ಯೋಚನೆಯಲ್ಲಿದ್ದಾರೆ. ಹಾಕಲಿ.

ಬೈಯುವುದಿದ್ದರೆ ಬೈ. ಭಾವನಿಗೆ ಮಾತ್ರ ಹೇಳಬೇಡ. ಅವರ ಮುಂದೆ ನನ್ನ ಮುಖ ಉಳಿಸು. ಕೇಳಬಾರದು, ಆದರೂ ಕೇಳುತ್ತಿದ್ದೇನೆ.

ತಮ್ಮ


ಜೂನ್ 2

ತಮ್ಮನಿಗೆ,

ಇಷ್ಟು ದಿನ ಬರೆಯಲಿಲ್ಲ. ಸಿಟ್ಟಿನಲ್ಲಿ ಎರಡು ಕಾಗದ ಬರೆದು ಹರಿದೆ. ನಿನ್ನ ಫೋಟೋವನ್ನು ಚೌಕಟ್ಟಿನಿಂದ ತೆಗೆದೆ. ಆ ಹಲ್ಲುಗಳನ್ನು ನೋಡಲಾಗಲಿಲ್ಲ.

ನಿನ್ನ ಕಾಗದ ಬಂದ ದಿನ ನಿನ್ನ ಭಾವ ಬಾಗಿಲ ಹತ್ತಿರವೇ ಇದ್ದರು. ಅಂಚೆಯವನು ಲಕೋಟೆಯನ್ನು ಅವರ ಕೈಗೇ ಕೊಟ್ಟ. ಮುಟ್ಟಿ ನೋಡಿ, "ದಪ್ಪ ಇದೆ, ವಟವಟ ಮತ್ತೆ ಹುಷಾರಾದ" ಎಂದರು. ಎಷ್ಟೋ ದಿನಗಳ ಮೇಲೆ ಅವರ ಮುಖದಲ್ಲಿ ನಗು ಕಂಡೆ. ಆಗ ನಾನು ಹೇಗೆ ಓದುವುದಿಲ್ಲ ಅನ್ನಲಿ? ಮೊದಲ ಸಾಲಿನಲ್ಲೇ ಅವರಿಗೆ ಓದಬೇಡ ಎಂದಿತ್ತು. ಆಮೇಲೆ ನಾನೇನು ಮಾಡಿದೆ ಗೊತ್ತಾ? ಕಾಗದದ ಮೇಲೆ ಅಂಗೈ ಇಟ್ಟುಕೊಂಡೆ. ಇಟ್ಟುಕೊಂಡು, ಇಲ್ಲದ ಮಾತುಗಳನ್ನೆಲ್ಲ ಓದಿದೆ. ಅಂಗಡಿಯ ಸುದ್ದಿ, ಪಕ್ಕದ ಕೌಂಟರಿನವಳ ತಮಾಷೆ. ಅವರು ನಕ್ಕರು. ಅವರಿಗೆ ನನ್ನ ಕೈ ಕಾಣುವುದಿಲ್ಲವಲ್ಲ. ನಿನ್ನ ವಿದ್ಯೆಯನ್ನು ನಾನು ಒಂದೇ ದಿನದಲ್ಲಿ ಕಲಿತುಬಿಟ್ಟೆ.

ಹೀಗೆ ಒಂದು ತಿಂಗಳು ಕಳೆದೆ. ನೀನು ಹೇಳಿದ್ದೀಯ ಎಂದೋ, ನಿನ್ನ ಮುಖ ಉಳಿಸಬೇಕೆಂದೋ ಅಲ್ಲ. ನಾನೂ ನಿನಗೆ ಒಂದು ವಿಷಯ ಹೇಳಿರಲಿಲ್ಲ. ತಮ್ಮಿಂದಲೇ ಆಯಿತೆಂದು ಅವರು ಅನ್ನುತ್ತಾರೆ ಎಂದು ಬರೆದೆ. ಅದನ್ನು ಮೊದಲು ಅಂದವಳು ನಾನು. ಆಸ್ಪತ್ರೆಯವರ ಮಾತು ಕೇಳಿ ಫೋನ್ ಇಟ್ಟವಳೇ ತಿರುಗಿ, "ಒಂದು ವಸ್ತು ನೆಟ್ಟಗೆ ನಿಲ್ಲಲ್ಲ ನಿಮ್ಮ ಕೈಯಲ್ಲಿ" ಎಂದುಬಿಟ್ಟೆ. ಇಷ್ಟು ವರ್ಷಗಳಲ್ಲಿ ಅವರ ಕೈಯ ಬಗ್ಗೆ ಯಾರೂ ಹಾಗೆ ಅಂದಿರಲಿಲ್ಲ. ಅವರು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತರು. ನಿನ್ನ ಕಾಗದ ಓದಿದರೆ ನನ್ನ ಮಾತೂ ಸುಳ್ಳಾಗಿತ್ತೆಂದು ಗೊತ್ತಾಗುತ್ತದೆ, ಆಗ ಅವರ ಮುಂದೆ ನಿಲ್ಲಬೇಕಾದವಳು ನಾನೂ ಹೌದು. ಅದಕ್ಕೇ ಅಂಗೈ ಎತ್ತಲಿಲ್ಲ.

ಹೋದ ಭಾನುವಾರ ಸಂಜೆ ನಿನ್ನ ಹಳೆಯ ಕಾಗದಗಳನ್ನು ಓದಿಸಿಕೊಳ್ಳುತ್ತಿದ್ದರು. ಆ ದಪ್ಪ ಕಾಗದವನ್ನೇ ಮತ್ತೆ ಓದು ಎಂದರು. ನಾನು ಮೊದಲ ಸಲ ಏನೇನು ಕಟ್ಟಿ ಹೇಳಿದ್ದೆನೋ ನನಗೆ ನೆನಪಿರಲಿಲ್ಲ. ಬೇರೆ ಏನೋ ಹೇಳಿದೆ. ಅವರು, "ಹೋದ ಸಲ ಹೀಗಿರ್ಲಿಲ್ವಲ್ಲ" ಎಂದರು. ಅವರು ಕೈ ಚಾಚಿ ಕಾಗದ ಹುಡುಕಿದರು. ಕಾಗದದ ಮೇಲೆ ನನ್ನ ಕೈ ಸಿಕ್ಕಿತು. ಅದನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟರು. "ಈಗ ಓದು" ಎಂದರು.

ಎಲ್ಲವನ್ನೂ ಓದಿದೆ. ಅವರಿಗೆ ಓದಬೇಡ ಎಂದು ನೀನು ಬರೆದದ್ದನ್ನೂ ಓದಿದೆ. ಮಧ್ಯದಲ್ಲಿ ಒಮ್ಮೆ ಮಾತ್ರ ತಡೆದರು. ಬಿದ್ದದ್ದರಿಂದ ಅಲ್ಲ ಎಂಬ ಸಾಲು ಬಂದಾಗ, "ಅದನ್ನ ಇನ್ನೊಂದು ಸಲ ಓದು" ಎಂದರು. ಓದಿದೆ. ಇನ್ನೂ ಒಮ್ಮೆ ಓದಿಸಿದರು. ಆಮೇಲೆ ಎರಡೂ ಕೈಗಳನ್ನು ಮುಖದ ಹತ್ತಿರ ತಂದು, ಕಾಣುವವರ ಹಾಗೆ ತಿರುಗಿಸಿ ತಿರುಗಿಸಿ ಹಿಡಿದರು. "ಹಾಗಾದ್ರೆ ನನ್ನ ಕೈಯಿಂದ ಆಗಿದ್ದಲ್ಲ" ಎಂದರು. ಅಷ್ಟೇ. ನಿನ್ನ ಮೇಲೆ ಕೂಗಾಡುತ್ತಾರೆ ಎಂದುಕೊಂಡಿದ್ದೆ, ನನ್ನ ಮೇಲಾದರೂ ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅವರು ಅತ್ತರು ಕಣೋ. ಕಣ್ಣು ಕೈತಪ್ಪಿ ಹೋದ ದಿನವೂ ಅತ್ತಿರಲಿಲ್ಲ.

ನಾನು ಅಂದ ಮಾತಿಗೆ ತಪ್ಪಾಯಿತೆಂದು ಹೇಳಿದೆ. ಅವರು ಎದ್ದು ಹೋಗಿ ಮಂಚದ ಕೆಳಗೆ ತಡಕಾಡಿ ಆ ಡಬ್ಬವನ್ನು ಎಳೆದರು. ಚಿಮಟ ತೆಗೆದು ಅದರ ಬಾಯಿ ತೆರೆದು ಮುಚ್ಚಿ ನೋಡಿ, "ತುಕ್ಕು ಹಿಡಿದಿದೆ, ಎಣ್ಣೆ ಕೊಡು" ಎಂದರು.

ನಿನ್ನನ್ನು ಕ್ಷಮಿಸಿದ್ದೇನೆ ಎಂದು ಬರೆಯಲಾರೆ. ಇನ್ನೂ ಫೋನ್ ಬಡಿದುಕೊಂಡಾಗಲೆಲ್ಲ ಇವರು ಎದ್ದು ನಿಲ್ಲುತ್ತಾರೆ, ಅದನ್ನು ನೋಡಿದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ. ನಿನಗೆ ಹೀಗೆ ಬರೆಯುತ್ತೇನೆ ಎಂದು ಅವರಿಗೆ ಹೇಳಿದಾಗ, "ಉರಿಯಲಿ, ಆದ್ರೆ ಬರೋಕೆ ಹೇಳು" ಎಂದರು. ನೀನು ಬಂದು ಆ ಹಾಳೆಯ ಸಣ್ಣ ಅಕ್ಷರಗಳನ್ನೆಲ್ಲ ಅವರ ಎದುರು ಕೂತು ಓದಬೇಕಂತೆ, ಒಂದು ಸಾಲೂ ಬಿಡದೆ. "ನಿಧಾನವಾಗಿ ಓದ್ಲಿ. ನನಗೇನು ಅವಸರ, ಗಡಿಯಾರ ಎಲ್ಲಾ ವಾಪಸ್ ಕೊಟ್ಟಾಗಿದೆಯಲ್ಲ" ಎಂದರು. ತಮಾಷೆಗೆ ಅಂದರೋ ಅಲ್ಲವೋ, ಮುಖ ನೋಡಿದರೂ ನನಗೆ ತಿಳಿಯಲಿಲ್ಲ.

ಆ ಹಾಳೆ ಬಿಟ್ಟು ಬೇರೇನೂ ತರಬೇಡ. ಯಾವ ದಿನ ಬರುತ್ತೀ ಎಂದು ಕಾಗದ ಬರೆ. ಫೋನ್ ಮಾಡಬೇಡ, ಲೈನ್ ಖಾಲಿ ಇರಬೇಕು.

ಅಕ್ಕ